ಬಳಸಿದ ರಿವಾಲ್ವರ್‌ಗೆ ನ್ಯಾಯವಾದ ಬೆಲೆ ಯಾವುದು? ನೋಡುವ ಕ್ರಮ, ಲೆಕ್ಕ ಹಾಕುವ ಕ್ರಮ

ನಾನು ಮೊದಲು ಕೊಂಡ ಬಳಸಿದ ರಿವಾಲ್ವರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಸಂಜೆ ಹಳದಿ ದೀಪದ ಕೆಳಗೆ ನೋಡಿದೆ, ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿದೆ. ಮರುದಿನ ಬೆಳಿಗ್ಗೆ ಬಿಸಿಲಿಗೆ ಹಿಡಿದಾಗ ಪಕ್ಕದ ಫಲಕದ ಸ್ಕ್ರೂಗಳ ಸುತ್ತ ಲೋಹ ಪುಟ್ಟ ತಟ್ಟೆಯಂತೆ ತಗ್ಗಿರುವುದು ಕಂಡಿತು. ನಳಿಗೆಯ ಮೇಲಿನ ಅಕ್ಷರಗಳ ಅಂಚು ಸವೆದು, ನೀರಿನಲ್ಲಿ ನೆನೆದ ಸೋಪಿನ ಮೇಲಿನ ಬರಹದಂತಾಗಿತ್ತು. ತುಕ್ಕು ತಿಂದ ಮೈಯನ್ನು ಯಂತ್ರದಲ್ಲಿ ಉಜ್ಜಿ, ಮತ್ತೆ ನೀಲಿ ಲೇಪ ಹಾಕಿ ಮಾರಿದ್ದರು. ನಾನು ಕೊಟ್ಟದ್ದು ಕಾರ್ಖಾನೆಯ ಲೇಪ ಉಳಿದಿರುವ ರಿವಾಲ್ವರಿನ ಬೆಲೆ, ಮನೆಗೆ ತಂದದ್ದು ಬೇರೆಯೇ ವಸ್ತು.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಯಂತ್ರದ ಆರೋಗ್ಯ, ಆಮೇಲೆ ಮೈಯ ಅಸಲಿತನ, ಕೊನೆಗೆ ಹೆಸರು ಮತ್ತು ಅಪರೂಪ. ಈ ಮೂರೂ ಗೊತ್ತಾದ ಮೇಲೆಯೇ ಬೆಲೆಯ ಮಾತು. ಮಾರುಕಟ್ಟೆಯಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಹೆಸರಿಗೆ ಮರುಳಾಗುತ್ತಾರೆ, ಹೊಳಪಿಗೆ ಸೋಲುತ್ತಾರೆ, ತೋಟಾ ತುಂಬುವ, ತಿರುಗುವ ಸಿಲಿಂಡರ್ ಸರಿಯಾಗಿ ನಿಲ್ಲುತ್ತದೆಯೇ ಎಂದು ಮನೆಗೆ ಹೋದ ಮೇಲೆ ನೋಡುತ್ತಾರೆ.

ಮುಟ್ಟುವ ಮೊದಲು

ಎರಡು ವಿಷಯಗಳಲ್ಲಿ ರಾಜಿ ಇಲ್ಲ. ಒಂದು ಕಾನೂನು. ನೀವಿರುವಲ್ಲಿ ಬೇಕಾದ ಪರವಾನಗಿ, ನೋಂದಣಿ, ವರ್ಗಾವಣೆಯ ಕಾಗದಗಳು ಎಲ್ಲವೂ ಸರಿಯಾಗಿ ಆಗುವ ವ್ಯವಹಾರವನ್ನು ಮಾತ್ರ ಮಾಡಿ. ಕ್ರಮಸಂಖ್ಯೆಯನ್ನು ಉಜ್ಜಿ ತೆಗೆದಿದ್ದರೆ, ಮತ್ತೆ ಕೊರೆದಂತೆ ಕಂಡರೆ ಅಥವಾ ಕಾಗದದಲ್ಲಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಮಾತು ಅಲ್ಲಿಗೇ ಮುಗಿಯಬೇಕು. ಅಂಥದ್ದಕ್ಕೆ ನ್ಯಾಯವಾದ ಬೆಲೆ ಎಂಬುದೇ ಇಲ್ಲ, ಪುಕ್ಕಟೆ ಕೊಟ್ಟರೂ ಬೇಡ.

ಇನ್ನೊಂದು ಸುರಕ್ಷತೆ. ಕೈಗೆ ಬಂದ ತಕ್ಷಣ ಸಿಲಿಂಡರ್ ತೆರೆದು ಪ್ರತಿಯೊಂದು ಚೇಂಬರ್ (ತೋಟಾ ಕೂರುವ ತೂತು) ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಮಾರುವವರು ಈಗಷ್ಟೇ ನಿಮ್ಮೆದುರೇ ನೋಡಿದ್ದರೂ ಮತ್ತೆ ನೋಡಿ. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳದ ಹಳೆಯ ಮಾದರಿಯಲ್ಲಿ ಬದಿಯ ಬಾಗಿಲು ತೆಗೆದು ಒಂದೊಂದೇ ಚೇಂಬರನ್ನು ತಿರುಗಿಸಿ ನೋಡಬೇಕು. ಪರೀಕ್ಷೆ ಮುಗಿಯುವವರೆಗೂ ನಳಿಗೆಯ ಬಾಯಿ ಯಾರ ಕಡೆಗೂ ತಿರುಗಬಾರದು.

ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಎಳೆಯುವ ಮೊದಲು, ಖಾಲಿ ಹೊಡೆದು ನೋಡುವ ಮೊದಲು ಅನುಮತಿ ಕೇಳಿ. ಇದು ಮರ್ಯಾದೆ ಮಾತ್ರವಲ್ಲ, ತೋಟಾದ ಅಂಚಿಗೆ ಪಿನ್ನು ಬಡಿದು ಸಿಡಿಸುವ .22 ರಿಮ್‌ಫೈರ್ ರಿವಾಲ್ವರ್‌ಗಳಲ್ಲಿ ಖಾಲಿ ಹೊಡೆದರೆ ಪಿನ್ನಿನ ತುದಿ ಚೇಂಬರಿನ ಅಂಚಿಗೆ ಬಡಿದು ಹಾಳಾಗಬಹುದು. ಅನುಮತಿ ಸಿಗದಿದ್ದರೆ ಬೇಸರ ಬೇಡ, ಆದರೆ ನೋಡಲಾಗದ್ದಕ್ಕೆ ಹಣ ಕೊಡಲಾಗದು ಎಂದು ಸ್ಪಷ್ಟವಾಗಿ ಹೇಳಿ.

ಜೊತೆಗಿರಲಿ: ಸಣ್ಣ ಟಾರ್ಚ್, ಬಿಳಿ ಕಾಗದದ ಚೂರು, ಭೂತಗನ್ನಡಿ, ಮೆತ್ತನೆಯ ಬಟ್ಟೆ, ಮತ್ತು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್. ತೆಳುವಾದ ಉಕ್ಕಿನ ಎಲೆಗಳ ಆ ಪುಟ್ಟ ಕಟ್ಟು ಉಳಿಸಿಕೊಡುವ ಹಣ ಅದರ ಬೆಲೆಯ ಎಷ್ಟೋ ಪಟ್ಟು.

ಇದು ನಿಜವಾಗಿ ಯಾವುದು?

ಬೆಲೆ ಹೋಲಿಸಬೇಕಾದರೆ ಹೋಲಿಕೆ ಸರಿಯಾದದ್ದರ ಜೊತೆಯೇ ಆಗಬೇಕು. "ಸ್ಮಿತ್ ಅಂಡ್ ವೆಸ್ಸನ್ .357" ಎಂದರೆ ಏನೂ ಹೇಳಿದಂತಾಗಲಿಲ್ಲ. ಮಾದರಿ, ಅದರ ಪರಿಷ್ಕರಣೆ, ಕ್ಯಾಲಿಬರ್ (ತೋಟಾದ ಅಳತೆ), ನಳಿಗೆಯ ಉದ್ದ, ಲೇಪ, ತಯಾರಾದ ಕಾಲ ಇವೆಲ್ಲ ಬೇಕು.

ಸ್ಮಿತ್ ಅಂಡ್ ವೆಸ್ಸನ್ ಕಂಪನಿ ತನ್ನ ರಿವಾಲ್ವರ್‌ಗಳಿಗೆ ಮಾದರಿ ಸಂಖ್ಯೆ ಕೊಡಲು ಆರಂಭಿಸಿದ್ದು 1957ರಲ್ಲಿ. ಸಿಲಿಂಡರ್ ತೆರೆದರೆ ಅದನ್ನು ಹೊತ್ತ ತೋಳು ಕೂರುವ ಜಾಗದಲ್ಲಿ ಈ ಸಂಖ್ಯೆ ಒತ್ತಿರುತ್ತದೆ. 19-3 ಎಂದಿದ್ದರೆ ಅದು 19ನೇ ಮಾದರಿಯ ಮೂರನೇ ಪರಿಷ್ಕರಣೆ. ಅದೇ ಜಾಗದಲ್ಲಿ ಜೋಡಣೆಯ ಸಂಖ್ಯೆಯೂ ಇರಬಹುದು, ಅದನ್ನು ಕ್ರಮಸಂಖ್ಯೆ ಎಂದುಕೊಂಡು "ಕಾಗದಕ್ಕೆ ತಾಳೆಯಾಗುತ್ತಿಲ್ಲ" ಎಂದು ಗಾಬರಿಯಾದವರನ್ನು ನೋಡಿದ್ದೇನೆ. ಈ ಕಂಪನಿಯ ಹಳೆಯ ರಿವಾಲ್ವರ್‌ಗಳಲ್ಲಿ ಕ್ರಮಸಂಖ್ಯೆ ಹಿಡಿಯ ತಳದಲ್ಲಿರುತ್ತದೆ.

ಪರಿಷ್ಕರಣೆ ಬೆಲೆಯನ್ನು ಮುಟ್ಟುತ್ತದೆ. ನಳಿಗೆಯನ್ನು ಚೌಕಟ್ಟಿಗೆ ಅಡ್ಡಪಿನ್ನಿನಿಂದ ಬಿಗಿಯುವ ಪದ್ಧತಿಯನ್ನೂ, ಹೆಚ್ಚು ಶಕ್ತಿಯ ಮ್ಯಾಗ್ನಮ್ ತೋಟಾದ ಅಂಚು ಸಿಲಿಂಡರಿನೊಳಗೆ ಮುಳುಗಿ ಕೂರುವಂತೆ ಕೊರೆಯುವ ಪದ್ಧತಿಯನ್ನೂ ಸ್ಮಿತ್ ಅಂಡ್ ವೆಸ್ಸನ್ 1980ರ ದಶಕದ ಆರಂಭದಲ್ಲಿ ಕೈಬಿಟ್ಟಿತು. ಸಂಗ್ರಾಹಕರು ಅವೆರಡೂ ಇರುವುದಕ್ಕೆ ಹೆಚ್ಚು ಕೊಡುತ್ತಾರೆ. 2001ರ ನಂತರ ಬಂದ, ಚೌಕಟ್ಟಿನ ಬದಿಯಲ್ಲಿ ಕೀಲಿಯ ರಂಧ್ರವಿರುವ ರಿವಾಲ್ವರ್‌ಗಳನ್ನು ಹಲವರು ದೂರವಿಡುತ್ತಾರೆ. ಗುರಿಯಲ್ಲಿ ಇವುಗಳಿಂದ ವ್ಯತ್ಯಾಸವಾಗುವುದನ್ನು ನಾನು ಕಂಡಿಲ್ಲ. ಆದ್ದರಿಂದ ಬಳಸಲು ಕೊಳ್ಳುವವರು ಸಂಗ್ರಾಹಕರ ಮೋಹಕ್ಕೆ ಹಣ ತೆರಬೇಕಾಗಿಲ್ಲ.

ಕೋಲ್ಟ್‌ನ ಸಿಂಗಲ್ ಆಕ್ಷನ್ (ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ) ಆರ್ಮಿ ಬಂದದ್ದು 1873ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತಿತು, 1956ರಲ್ಲಿ ಮತ್ತೆ ಶುರುವಾಯಿತು. ಯುದ್ಧಕ್ಕೆ ಮೊದಲಿನದು ಮೊದಲ ತಲೆಮಾರು. ನೋಡಲು ಎಲ್ಲವೂ ಒಂದೇ, ಬೆಲೆಯಲ್ಲಿ ಅಜಗಜಾಂತರ. ಕೋಲ್ಟ್ ಪೈಥಾನ್ ಕೂಡ ಹೀಗೆಯೇ: 1955ರದ್ದು ಹಳೆಯ ವಿನ್ಯಾಸ, 2020ರಲ್ಲಿ ಮರಳಿ ಬಂದದ್ದರ ಒಳಗಿನ ಯಂತ್ರವೇ ಬೇರೆ. ಒಂದರ ಮಾರಾಟದ ಬೆಲೆಯಿಂದ ಇನ್ನೊಂದನ್ನು ತೂಗಬಾರದು.

ರೂಗರ್‌ನ ಸಿಂಗಲ್ ಆಕ್ಷನ್‌ಗಳಲ್ಲಿ 1973 ಗಡಿರೇಖೆ. ಅದಕ್ಕೆ ಮೊದಲಿನವುಗಳಲ್ಲಿ ಚೌಕಟ್ಟಿನ ಬದಿಯಲ್ಲಿ ಮೂರು ಸ್ಕ್ರೂ ಕಾಣುತ್ತವೆ. ಅವುಗಳಲ್ಲಿ ಹ್ಯಾಮರಿನ ಕೆಳಗಿರುವ ಚೇಂಬರನ್ನು ಖಾಲಿ ಬಿಡಲೇಬೇಕು, ಇಲ್ಲದಿದ್ದರೆ ಕೈಜಾರಿ ಬಿದ್ದಾಗ ಸಿಡಿಯುವ ಅಪಾಯವಿದೆ. ಕಂಪನಿ ಇವುಗಳಿಗೆ ಉಚಿತವಾಗಿ ಸುರಕ್ಷಾ ಬದಲಾವಣೆ ಮಾಡಿಕೊಟ್ಟು, ತೆಗೆದ ಹಳೆಯ ಭಾಗಗಳನ್ನು ಮಾಲೀಕರಿಗೆ ವಾಪಸು ಕಳಿಸುತ್ತಾ ಬಂದಿದೆ. ಬದಲಾವಣೆಯಾದದ್ದು ಬಳಕೆಗೆ ಒಳ್ಳೆಯದು, ಬದಲಾಗದೆ ಉಳಿದದ್ದು ಸಂಗ್ರಾಹಕರಿಗೆ ಪ್ರಿಯ. ಬದಲಾಗಿದ್ದರೆ ಹಳೆಯ ಭಾಗಗಳ ಪೊಟ್ಟಣ ಇದೆಯೇ ಎಂದು ಕೇಳಿ, ಅದಕ್ಕೂ ಬೆಲೆಯಿದೆ.

ಯಂತ್ರದ ಪರೀಕ್ಷೆ

ಇಲ್ಲಿ ಸಮಯ ಕೊಡಿ. ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಯಾರೂ ಮಾತನಾಡಿಸದಂತಿರಬೇಕು. ಮಾರುವವರು ಅದರ ಚರಿತ್ರೆ ಹೇಳುತ್ತಿದ್ದರೆ ಕೈ ತೋರಿಸಿ, ನೋಡಿ ಮುಗಿಸಿ, ಆಮೇಲೆ ಕೇಳಿ.

ಮೊದಲು ಸಿಲಿಂಡರ್ ಮುಚ್ಚಿ, ಹ್ಯಾಮರ್ ಇಳಿದಿರುವಾಗಲೇ ಅದನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಿ. ಕಣ್ಣಿಗೆ ಕಾಣುವಷ್ಟು ಸರಿದಾಡಿದರೆ, ಕಿವಿಗೆ 'ಟಕ್' ಎಂದು ಕೇಳಿದರೆ ಅದು ಉದ್ದುದ್ದದ ಸಡಿಲ. ಸಿಲಿಂಡರನ್ನು ಮುಂದೆ ಒತ್ತಿ ಹಿಡಿದು ಒಮ್ಮೆ, ಹಿಂದೆ ಒತ್ತಿ ಹಿಡಿದು ಒಮ್ಮೆ, ನಳಿಗೆಯ ಹಿಂತುದಿಗೂ ಸಿಲಿಂಡರಿನ ಮುಖಕ್ಕೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಎರಡರ ವ್ಯತ್ಯಾಸವೇ ಸಡಿಲದ ಅಳತೆ. ಅದು 0.1 ಮಿಲಿಮೀಟರಿಗೆ ಹತ್ತಿರವಾದರೆ ರಿಪೇರಿಯ ಖರ್ಚನ್ನು ಬೆಲೆಯಿಂದ ಕಳೆಯಬೇಕು. ತೆಳು ವಾಷರ್ ಹಾಕಿ ಸರಿಪಡಿಸಬಹುದಾದ ದೋಷವಿದು, ಹೆದರಿ ಓಡಬೇಕಾಗಿಲ್ಲ.

ಸಂದು ಸುಮಾರು 0.10ರಿಂದ 0.25 ಮಿಲಿಮೀಟರ್ ಇದ್ದರೆ ಒಪ್ಪಬಹುದು, 0.15ರ ಆಸುಪಾಸು ಇದ್ದರೆ ಸೊಗಸು. ತೀರಾ ಕಡಿಮೆಯಿದ್ದರೆ ಮಸಿ ಕಟ್ಟಿದಾಗ ಸಿಲಿಂಡರ್ ಉಜ್ಜಿ ಬಿಗಿಯಾಗುತ್ತದೆ, ಜಾಸ್ತಿಯಿದ್ದರೆ ಅನಿಲ ಸೋರಿ ಗುಂಡಿನ ವೇಗ ತಗ್ಗುತ್ತದೆ, ಸೀಸದ ಚೂರುಗಳು ಬದಿಗೆ ಸಿಡಿಯುತ್ತವೆ. ಅಳತೆಯನ್ನು ಒಂದು ಚೇಂಬರಿಗೆ ಮಾತ್ರ ನೋಡಬೇಡಿ. ಒಂದು ಕಡೆ 0.10, ಇನ್ನೊಂದು ಕಡೆ 0.20 ಬಂದರೆ ಸಿಲಿಂಡರ್ ಓರೆಯಾಗಿ ತಿರುಗುತ್ತಿದೆ ಎಂದರ್ಥ. ರಷ್ಯಾದ 1895ರ ನಾಗಂಟ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರಲ್ಲಿ ಹ್ಯಾಮರ್ ಏರುವಾಗ ಸಿಲಿಂಡರೇ ಮುಂದೆ ಸರಿದು ಸಂದನ್ನು ಮುಚ್ಚುತ್ತದೆ. ಅದನ್ನು ಮೊದಲ ಬಾರಿಗೆ ನೋಡಿದಾಗ ನಾನು ಮೂರು ಸಲ ಎಳೆದು ನೋಡಿದ್ದೆ, ಅಷ್ಟು ಚೆಂದದ ಕಲ್ಪನೆ.

ನಂತರ ತಾಳ. ಸಿಲಿಂಡರಿನ ಮೇಲೆ ಹೆಬ್ಬೆರಳಿನಿಂದ ಹಗುರವಾಗಿ ತಡೆಯೊಡ್ಡಿ, ಹ್ಯಾಮರನ್ನು ಬಹಳ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಏರಿ ನಿಲ್ಲುವ ಮೊದಲೇ, ಅಥವಾ ತಡವೆಂದರೆ ಅದೇ ಕ್ಷಣಕ್ಕೆ, ಸಿಲಿಂಡರ್ 'ಕಟಕ್' ಎಂದು ಬೀಗ ಬೀಳಬೇಕು. ಹ್ಯಾಮರ್ ನಿಂತಾಯಿತು, ಸಿಲಿಂಡರ್ ಇನ್ನೂ ಕೂದಲೆಳೆಯಷ್ಟು ಹಿಂದಿದೆ, ಬೆರಳಿನಿಂದ ತಳ್ಳಿದರೆ ಆಗ ಬೀಗ ಬೀಳುತ್ತದೆ ಎಂದಾದರೆ ತಾಳ ತಪ್ಪಿದೆ. ಎಲ್ಲ ಚೇಂಬರಿಗೂ ಇದನ್ನು ಮಾಡಿ. ಆರರಲ್ಲಿ ಐದು ಸರಿಯಿದ್ದು ಒಂದು ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ತಾಳ ತಪ್ಪಿದ ರಿವಾಲ್ವರ್ ಗುಂಡನ್ನು ನಳಿಗೆಯ ಅಂಚಿಗೆ ಸವರಿಸಿ ಕಳಿಸುತ್ತದೆ, ಸೀಸ ಬದಿಗೆ ಸಿಡಿಯುತ್ತದೆ.

ಇನ್ನು ಬಿಗಿ. ಟ್ರಿಗರ್ ಒತ್ತಿ, ಹ್ಯಾಮರ್ ಬಿದ್ದ ಮೇಲೂ ಒತ್ತಿಯೇ ಹಿಡಿದು, ಸಿಲಿಂಡರನ್ನು ಎಡಬಲಕ್ಕೆ ಅಲುಗಿಸಿ ನೋಡಿ. ಇಲ್ಲಿ ಹಳೆಯ ಕೋಲ್ಟ್‌ಗೂ ಸ್ಮಿತ್ ಅಂಡ್ ವೆಸ್ಸನ್‌ಗೂ ಬೇರೆ ಬೇರೆ ಅಳತೆಗೋಲು. ಹಳೆಯ ಕೋಲ್ಟ್‌ಗಳಲ್ಲಿ ಒಳಗಿನ ಕೊಂಡಿ ಸಿಲಿಂಡರನ್ನು ಒತ್ತಿ ಹಿಡಿಯುವುದರಿಂದ ಅದು ಅಲುಗಬಾರದು, ಅಲುಗಿದರೆ ಕೊಂಡಿ ಸವೆದಿದೆ. ಸ್ಮಿತ್ ಅಂಡ್ ವೆಸ್ಸನ್‌ನಲ್ಲಿ ಸಣ್ಣ ಅಲುಗಾಟ ಸಹಜ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಸ್ಮಿತ್ ಅನ್ನು ಕೆಳಗಿಟ್ಟು, ಸವೆದ ಕೋಲ್ಟ್‌ಗೆ ದುಬಾರಿ ಬೆಲೆ ಕೊಟ್ಟವರಿದ್ದಾರೆ. ಹಳೆಯ ಕೋಲ್ಟ್‌ನ ತಾಳ ಸರಿಪಡಿಸುವ ಕೈಗಳು ಕಡಿಮೆ, ಭಾಗಗಳೂ ಕಷ್ಟ. ಆದ್ದರಿಂದ ಅದರಲ್ಲಿ ಈ ದೋಷಕ್ಕೆ ನಾನು ಹೆಚ್ಚು ಕಳೆಯುತ್ತೇನೆ.

ಅನುಮತಿ ಇದ್ದರೆ, ಖಾಲಿ ಎಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, ಹ್ಯಾಮರನ್ನು ಏರಿಸಿ ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಅದು ಜಾರಿ ಬಿದ್ದರೆ ಯಾರೋ ಒಳಗಿನ ಅಂಚುಗಳನ್ನು ಅರದಿಂದ ಉಜ್ಜಿದ್ದಾರೆ. ಟ್ರಿಗರ್ ಬೆಣ್ಣೆಯಂತಿದೆ ಎಂದು ಹೊಗಳುವ ರಿವಾಲ್ವರ್‌ಗಳಲ್ಲಿ ಇದನ್ನು ತಪ್ಪದೆ ಮಾಡಿ. ಬಿದ್ದರೆ ಅದು ಅಪಾಯಕಾರಿ, ರಿಪೇರಿಯಾಗುವವರೆಗೆ ಬಳಸುವಂತಿಲ್ಲ.

ಸಿಲಿಂಡರ್ ತೆರೆದಾಗ ಅದರ ತೋಳು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ಸಿನಿಮಾದಲ್ಲಿ ಮಾಡುವಂತೆ ಮಣಿಕಟ್ಟು ಝಾಡಿಸಿ ಮುಚ್ಚುವ ಅಭ್ಯಾಸ ಈ ತೋಳನ್ನು ಬಾಗಿಸುತ್ತದೆ. ಮುಚ್ಚಿದಾಗ ತೋಳಿಗೂ ಚೌಕಟ್ಟಿಗೂ ನಡುವೆ ಬೆಳಕು ಒಂದೇ ಸಮನಾಗಿರದೆ ಬಿರುಕಿನಂತೆ ಕಂಡರೆ ಅದೇ ಕಾರಣ ಇರಬಹುದು. ಸಿಲಿಂಡರನ್ನು ಬೆರಳಿನಿಂದ ತಿರುಗಿಸಿ ಖಾಲಿ ತೋಟಾ ಹೊರತಳ್ಳುವ ಕಡ್ಡಿಯ ತುದಿಯನ್ನು ನೋಡಿ, ಅದು ವೃತ್ತ ಬರೆದರೆ ಬಾಗಿದೆ.

ಕೊನೆಗೆ ನಳಿಗೆ. ಹಿಂತುದಿಯಲ್ಲಿ ಬಿಳಿ ಕಾಗದ ಹಿಡಿದು ಟಾರ್ಚ್ ಬೆಳಕು ಬಿಟ್ಟು ಬಾಯಿಯಿಂದ ನೋಡಿ. ಒಳಗಿನ ಸುರುಳಿಗಳ ಅಂಚು ಚೂಪಾಗಿರಬೇಕು. ನಡುವೆಲ್ಲೋ ಕಪ್ಪು ಉಂಗುರ ಕಂಡರೆ ಒಮ್ಮೆ ಗುಂಡು ಒಳಗೇ ಸಿಕ್ಕಿ, ಅದರ ಹಿಂದೆ ಇನ್ನೊಂದು ಹೊಡೆದು ನಳಿಗೆ ಉಬ್ಬಿದೆ ಎಂಬ ಅನುಮಾನ ಬರಬೇಕು. ಹೊರಗಿನಿಂದ ಬೆರಳು ಸವರಿದರೆ ಕೆಲವೊಮ್ಮೆ ಉಬ್ಬು ಕೈಗೂ ಸಿಗುತ್ತದೆ. ಕೊಳೆ ಮತ್ತು ಸೀಸದ ಪದರವನ್ನು ತುಕ್ಕಿನ ಗುಳಿ ಎಂದು ತಪ್ಪು ತಿಳಿಯಬೇಡಿ, ಕೊಳೆ ತೆಗೆದ ಮೇಲೆ ಹೊಸದರಂತೆ ಹೊಳೆದ ನಳಿಗೆಗಳು ನನಗೆ ಕಡಿಮೆ ಬೆಲೆಗೆ ಸಿಕ್ಕಿವೆ.

ನಳಿಗೆಯ ಹಿಂತುದಿಯ ಕೊಳವೆಮುಖವನ್ನು ಭೂತಗನ್ನಡಿಯಲ್ಲೇ ನೋಡಬೇಕು. ಸ್ಮಿತ್ ಅಂಡ್ ವೆಸ್ಸನ್‌ನ 19ನೇ ಮಾದರಿ ಮತ್ತು ಅದರ ಗಾತ್ರದ .357 ಸೋದರರಲ್ಲಿ, ಸಿಲಿಂಡರಿನ ತೋಳಿಗೆ ಜಾಗ ಬಿಡಲು ಈ ಭಾಗದ ಕೆಳಬದಿಯನ್ನು ಚಪ್ಪಟೆಯಾಗಿ ಕತ್ತರಿಸಿದ್ದಾರೆ. ಅಲ್ಲಿ ಲೋಹ ತೆಳು. 8 ಗ್ರಾಂ ಆಸುಪಾಸಿನ ಹಗುರ, ವೇಗದ ಮ್ಯಾಗ್ನಮ್ ಗುಂಡುಗಳನ್ನು ಎಡೆಬಿಡದೆ ಹೊಡೆದರೆ ಗಡಿಯಾರದ ಆರು ಗಂಟೆಯ ಜಾಗದಲ್ಲಿ ಕೂದಲಿನಂಥ ಬಿರುಕು ಬರುತ್ತದೆ. ಬಿರುಕಿದ್ದರೆ ಹೊಸ ನಳಿಗೆಯೇ ಬೇಕು, ಅದು ಸಿಗುವುದೂ ಸುಲಭವಲ್ಲ. ಆಗ ನಾನು ಅದನ್ನು ಬಿಡಿಭಾಗಗಳ ಬೆಲೆಗೆ ಮಾತ್ರ ನೋಡುತ್ತೇನೆ. ಆದರೆ ಸಂದಿನ ಮೇಲೆ, ಚೌಕಟ್ಟಿನ ಮೇಲ್ಪಟ್ಟಿಯ ಒಳಬದಿಯಲ್ಲಿ ಬೆಂಕಿ ಕೊರೆದ ಸಣ್ಣ ಗೆರೆ ಕಂಡರೆ ಗಾಬರಿ ಬೇಡ. ಅದು ಸ್ವಲ್ಪ ಆಳಕ್ಕೆ ಹೋಗಿ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಬಹಳ ಮ್ಯಾಗ್ನಮ್ ಹೊಡೆದಿದ್ದಾರೆ ಎಂಬುದಕ್ಕೆ ಸಾಕ್ಷಿ ಅಷ್ಟೇ, ಆ ಸಾಕ್ಷಿಯನ್ನು ಚೌಕಾಸಿಯಲ್ಲಿ ಬಳಸಿಕೊಳ್ಳಿ.

ಮೈ: ಸವೆತಕ್ಕೂ ಮುಚ್ಚಿಟ್ಟದ್ದಕ್ಕೂ ಇರುವ ವ್ಯತ್ಯಾಸ

ಪ್ರಾಮಾಣಿಕವಾಗಿ ಸವೆದ ರಿವಾಲ್ವರ್ ಎಲ್ಲಿ ಸವೆಯಬೇಕೋ ಅಲ್ಲೇ ಸವೆದಿರುತ್ತದೆ. ಚರ್ಮದ ಒರೆಗೆ ತಾಗುವ ಬಾಯಿಯ ಅಂಚು, ಸಿಲಿಂಡರಿನ ಮುಂದಂಚು, ಅಂಗೈ ಬೆವರು ತಾಗುವ ಬೆನ್ನುಪಟ್ಟಿ. ಸಿಲಿಂಡರಿನ ಸುತ್ತ ಒಂದು ಗೆರೆ ಬೀಳುವುದು ಸಹಜ. ಆದರೆ ಬೀಗ ಬೀಳುವ ಗುಳಿಗಳ ಅಂಚು ಬಡಿದು ಮಡಚಿದಂತಾಗಿದ್ದರೆ ಅದನ್ನು ಯಾರೋ ಒರಟಾಗಿ, ವೇಗವಾಗಿ ಆಡಿಸಿದ್ದಾರೆ.

ಪೊಲೀಸರ ಮತ್ತು ಕಾವಲು ಸಿಬ್ಬಂದಿಯ ಸೇವೆಯಿಂದ ನಿವೃತ್ತಿಯಾದ ರಿವಾಲ್ವರ್‌ಗಳು ಬಳಸಲು ಕೊಳ್ಳುವವರಿಗೆ ನಿಜವಾದ ವರ. ವರ್ಷಗಟ್ಟಲೆ ಸೊಂಟದಲ್ಲಿ ನೇತಾಡಿ, ಮಳೆಬಿಸಿಲು ಕಂಡು, ಕಾರಿನ ಬಾಗಿಲಿಗೆ ಬಡಿದು ಮೈ ಕೆಟ್ಟಿರುತ್ತದೆ. ಹೊಡೆದದ್ದು ಮಾತ್ರ ವರ್ಷಕ್ಕೆ ಕೆಲವೇ ಸಲ. ಮೇಲ್ನೋಟಕ್ಕೆ ಬಡವಾದ ಆ ರಿವಾಲ್ವರಿನ ಸಿಲಿಂಡರ್ ಮುಚ್ಚಿದಾಗ ಬರುವ ಗಟ್ಟಿ ಸದ್ದನ್ನು ಒಮ್ಮೆ ಕೇಳಿದರೆ ಹೊಳಪಿನ ಮೇಲಿನ ಮೋಹ ಇಳಿಯುತ್ತದೆ. 1899ರಿಂದ ಮಿಲಿಟರಿ ಅಂಡ್ ಪೊಲೀಸ್ ಎಂಬ ಹೆಸರಿನಲ್ಲಿ ಬಂದು, ಮುಂದೆ 10ನೇ ಮಾದರಿ ಎನಿಸಿಕೊಂಡ ಸ್ಮಿತ್ ಅಂಡ್ ವೆಸ್ಸನ್‌ನ .38 ಇಂಥವುಗಳಲ್ಲಿ ಮೊದಲ ಸಾಲಿನದು.

ಇದಕ್ಕೆ ತದ್ವಿರುದ್ಧ ಮರುಲೇಪದ್ದು: ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು. ನಾನು ಮೋಸಹೋದ ರಿವಾಲ್ವರ್ ನನಗೆ ಕಲಿಸಿದ ಗುರುತುಗಳು ಇವು. ಸ್ಕ್ರೂ ತೂತುಗಳ ಅಂಚು ಚೂಪಾಗಿರದೆ ಒಳಕ್ಕೆ ಜಾರಿರುತ್ತದೆ. ಚಪ್ಪಟೆ ಮೇಲ್ಮೈ ಬೆಳಕಿನಲ್ಲಿ ಅಲೆಯಂತೆ ಕಾಣುತ್ತದೆ, ಪಕ್ಕದ ಫಲಕ ಚೌಕಟ್ಟಿಗೆ ಸೇರುವ ಗೆರೆ ಎದ್ದು ಕಾಣುತ್ತದೆ. ಅಸಲಿನಲ್ಲಿ ಆ ಗೆರೆ ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣದು. ಅಕ್ಷರಗಳ ಒಂದು ಬದಿ ಆಳ, ಇನ್ನೊಂದು ಬದಿ ಮಾಸಲು. ಹೊಸ ಲೇಪದ ಕೆಳಗೆ ಹಳೆಯ ತುಕ್ಕಿನ ಗುಳಿಗಳೂ ನೀಲಿಯಾಗಿರುತ್ತವೆ, ಇದಕ್ಕಿಂತ ಖಚಿತ ಸಾಕ್ಷಿ ಬೇಕಿಲ್ಲ.

ಇನ್ನೊಂದು ಗುರುತು ಹ್ಯಾಮರ್ ಮತ್ತು ಟ್ರಿಗರಿನಲ್ಲಿದೆ. ಸ್ಮಿತ್ ಅಂಡ್ ವೆಸ್ಸನ್‌ನ ಹಳೆಯ ನೀಲಿ ಮತ್ತು ನಿಕ್ಕಲ್ ರಿವಾಲ್ವರ್‌ಗಳಲ್ಲಿ ಇವೆರಡನ್ನು ಬಿಸಿಯಿಂದ ಗಟ್ಟಿಗೊಳಿಸಿರುತ್ತಾರೆ. ಅವುಗಳ ಮೇಲೆ ನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣಗಳಂತೆ ಕಂದು, ನೀಲಿ, ಬೂದು ಮಿಶ್ರಿತವಾಗಿರುತ್ತದೆ. ಅವು ಉಳಿದ ಮೈಯಂತೆಯೇ ನೀಲಿಯಾಗಿದ್ದರೆ ಅಥವಾ ನಿಕ್ಕಲ್ ಹೊದ್ದಿದ್ದರೆ ಅನುಮಾನಪಡಿ. ಮರುಲೇಪ ಕಾರ್ಖಾನೆಯಲ್ಲೇ ಆಗಿರಲೂಬಹುದು. ಹಳೆಯ ಸ್ಮಿತ್ ಅಂಡ್ ವೆಸ್ಸನ್‌ಗಳಲ್ಲಿ ಕ್ರಮಸಂಖ್ಯೆಯ ಬಳಿ ಒತ್ತಿದ ನಕ್ಷತ್ರದ ಗುರುತು ಅದು ಕಾರ್ಖಾನೆಗೆ ಮರಳಿ ಕೆಲಸ ಮಾಡಿಸಿಕೊಂಡದ್ದರ ಸೂಚನೆ. ಅಂಥ ಕೆಲಸ ಬೀದಿಬದಿಯ ಮರುಲೇಪಕ್ಕಿಂತ ಮೇಲು, ಮೂಲ ಲೇಪಕ್ಕಿಂತ ಕೆಳಗೆ.

ನಿಕ್ಕಲ್ ಲೇಪದಲ್ಲಿ ಗುಳ್ಳೆ, ಸಿಪ್ಪೆ ಏಳುವಿಕೆ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್‌ಗಳ ಗೀರುಗಳನ್ನು ಉಜ್ಜಿ ತೆಗೆಯುವುದು ಸುಲಭ, ಹಾಗಾಗಿ ಹೊಳಪಿಗೆ ಹೆಚ್ಚು ಕೊಡಬೇಡಿ, ಗೀರಿಗೆ ಹೆಚ್ಚು ಕಳೆಯಬೇಡಿ.

ಸ್ಕ್ರೂಗಳ ಸೀಳನ್ನು ನೋಡುವುದನ್ನು ಮರೆಯಬೇಡಿ. ಸರಿಹೊಂದದ ಸ್ಕ್ರೂಡ್ರೈವರ್‌ನಿಂದ ಹರಿದ ಸೀಳು ಎಂದರೆ ಅರಿಯದ ಕೈ ಒಳಗೆ ಹೋಗಿತ್ತು ಎಂದು. ಅಂಥದ್ದು ಕಂಡರೆ ಯಂತ್ರದ ಪರೀಕ್ಷೆಯನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿ.

ಕ್ಯಾಲಿಬರ್ ಬದಲಾದವು

ಇದು ಅತಿ ದುಬಾರಿಯಾದ ತಪ್ಪು, ಅಪಾಯವೂ ಹೌದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ಸೇನೆಗಳಿಗೆ ಹೋದ ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ ಮಾದರಿಗಳು .38 ಸ್ಮಿತ್ ಅಂಡ್ ವೆಸ್ಸನ್ ತೋಟಾಕ್ಕೆ ತಯಾರಾದವು. ಯುದ್ಧದ ನಂತರ ವ್ಯಾಪಾರಿಗಳು ಹಲವು ರಿವಾಲ್ವರ್‌ಗಳ ಚೇಂಬರ್‌ಗಳನ್ನು ಕೊರೆದು ಉದ್ದ ಮಾಡಿ .38 ಸ್ಪೆಷಲ್ ಹಿಡಿಯುವಂತೆ ಮಾಡಿದರು. ಆದರೆ ಮೂಲ ತೋಟಾದ ಕವಚದ ವ್ಯಾಸ 9.8 ಮಿಲಿಮೀಟರ್, ಸ್ಪೆಷಲ್‌ನದು ಸುಮಾರು 9.6. ಅಗಲವಾದ ಚೇಂಬರಿನಲ್ಲಿ ಸಪೂರ ಕವಚ ಹೊಟ್ಟೆ ಉಬ್ಬಿ ಬರುತ್ತದೆ, ಕೆಲವೊಮ್ಮೆ ಸೀಳುತ್ತದೆ. ಅಮೆರಿಕದ ಬಳಕೆಗೆ ಮೊದಲಿನಿಂದಲೂ .38 ಸ್ಪೆಷಲ್‌ಗೇ ತಯಾರಾದ ವಿಕ್ಟರಿಗಳೂ ಇವೆ, ಅವು ಸರಿಯಾದವು. ಎರಡನ್ನೂ ಬೇರೆಮಾಡಲು ನಳಿಗೆಯ ಮೇಲಿನ ಬರಹ, ಬ್ರಿಟಿಷ್ ಪರೀಕ್ಷಾ ಮುದ್ರೆಗಳು, ಚೇಂಬರಿನ ಅಳತೆ ಈ ಮೂರನ್ನೂ ಕೂಡಿಸಿ ನೋಡಿ.

ಬ್ರಿಟನ್ನಿನ 1915ರ ವೆಬ್ಲಿ ಮಾರ್ಕ್ 6 ರಿವಾಲ್ವರಿನ ಕಥೆ ಇದಕ್ಕಿಂತ ಗಂಭೀರ. ಅದು .455ರದ್ದು. ಅನೇಕವುಗಳ ಸಿಲಿಂಡರಿನ ಹಿಂಬದಿಯನ್ನು ತುರಿದು, ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ ಪಿಸ್ತೂಲಿನ .45 ಎಸಿಪಿ ತೋಟಾ ಹಾಕುವಂತೆ ಮಾಡಿದ್ದಾರೆ. ಕಾರ್ಖಾನೆಯ .45 ಎಸಿಪಿ ತೋಟಾದ ಒತ್ತಡ ವೆಬ್ಲಿಗೆ ವಿಧಿಸಿದ ಒತ್ತಡಕ್ಕಿಂತ ಹೆಚ್ಚು. ತುರಿಯದೆ ಉಳಿದ ವೆಬ್ಲಿಯ ಬೆಲೆಯನ್ನು ತುರಿದದ್ದಕ್ಕೆ ಯಾರಾದರೂ ಕೇಳಿದರೆ ಒಪ್ಪಬೇಡಿ.

ಜೊತೆಗೆ ಬರುವುದು

ಮೂಲ ಪೆಟ್ಟಿಗೆಯ ಮೇಲೆ ಅದೇ ಕ್ರಮಸಂಖ್ಯೆ ಇದ್ದರೆ ಬೆಲೆ ಕೂಡಿ, ಇಲ್ಲದಿದ್ದರೆ ಅದು ಬರೀ ಡಬ್ಬ. ಮೂಲ ಮರದ ಹಿಡಿಗಳ ಒಳಬದಿಯಲ್ಲಿ ಸಂಖ್ಯೆ ಬರೆದಿದ್ದರೆ ಅಥವಾ ಒತ್ತಿದ್ದರೆ ತಾಳೆ ನೋಡಿ. "ಇದು ಇಂಥ ದೊಡ್ಡವರದ್ದಾಗಿತ್ತು" ಎಂಬ ಮಾತಿಗೆ ದಾಖಲೆಯಿಲ್ಲದೆ ಒಂದು ಕಾಸೂ ಸೇರಿಸಬೇಡಿ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಎರಡರ ಹಳೆಯ ರವಾನೆ ದಾಖಲೆಗಳಿಂದಲೂ ಶುಲ್ಕಕ್ಕೆ ಪತ್ರ ಪಡೆಯುವ ವ್ಯವಸ್ಥೆಯಿದೆ. ಯಾವ ದಿನ, ಯಾವ ಲೇಪದಲ್ಲಿ, ಎಷ್ಟು ಉದ್ದದ ನಳಿಗೆಯೊಂದಿಗೆ ಹೊರಟಿತು ಎಂಬುದು ಅದರಲ್ಲಿ ಬರುತ್ತದೆ. ಬೆಲೆ ದೊಡ್ಡದಿದ್ದರೆ ಪತ್ರಕ್ಕೆ ಕಾಯುವುದು ಲೇಸು.

ಲೆಕ್ಕ

ಈಗ ಸಂಖ್ಯೆಗಳಿಗೆ ಬರೋಣ. ಮಾರುವವರು ಕೇಳುವ ಬೆಲೆಗಳನ್ನು ನೋಡಬೇಡಿ. ವಾಸ್ತವವಾಗಿ ಮಾರಾಟವಾಗಿ ಕೈಬದಲಾದ ಬೆಲೆಗಳನ್ನು ನೋಡಿ. ಹರಾಜಿನ ಹಳೆಯ ಫಲಿತಾಂಶಗಳಲ್ಲಿ ಇವು ಸಿಗುತ್ತವೆ. ಹರಾಜು ಸಂಸ್ಥೆ ಕೊಳ್ಳುವವರಿಂದ ವಸೂಲಿ ಮಾಡುವ ಹೆಚ್ಚುವರಿ ಶುಲ್ಕ ಆ ಅಂಕಿಯಲ್ಲಿ ಸೇರಿದೆಯೇ ಇಲ್ಲವೇ ಗಮನಿಸಿ. ಮಾರುವವರ ಕೈಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆ ಇರುತ್ತದೆ.

ಒಂದೇ ಮಾದರಿ, ಒಂದೇ ಉದ್ದ, ಒಂದೇ ಲೇಪದ ಐದು ಮಾರಾಟಗಳು ಸಿಕ್ಕವು ಎನ್ನಿ: 92, 97, 100, 104, 140. ಕರೆನ್ಸಿ ಯಾವುದಾದರೂ ಇರಲಿ. 140ರದ್ದನ್ನು ಬಿಡಿಸಿ ನೋಡಿದರೆ ಅದಕ್ಕೆ ಪೆಟ್ಟಿಗೆ, ಕಾಗದ ಎಲ್ಲ ಇದ್ದವು, ಹೆಚ್ಚುಕಡಿಮೆ ಹೊಡೆದೇ ಇರಲಿಲ್ಲ. ಅದನ್ನು ಪಕ್ಕಕ್ಕಿಡಿ. ಉಳಿದ ನಾಲ್ಕರ ನಡುವೆ, ಸುಮಾರು 98ರಲ್ಲಿ, ಮೂಲ ಬೆಲೆ ನಿಲ್ಲುತ್ತದೆ. ಈ ನಾಲ್ಕೂ ಒಳ್ಳೆಯ ಯಂತ್ರ, ಮೂಲ ಲೇಪ, ಸಾಧಾರಣ ಸವೆತದವು.

ನಿಮ್ಮ ಮುಂದಿರುವುದರಲ್ಲಿ ಉದ್ದುದ್ದದ ಸಡಿಲವಿದೆ, ರಿಪೇರಿಗೆ 6 ಆಗುತ್ತದೆ. ನಾನು 6 ಅಲ್ಲ, 9 ಕಳೆಯುತ್ತೇನೆ, ಏಕೆಂದರೆ ಒಯ್ಯುವ, ಕಾಯುವ ಶ್ರಮ ನನ್ನದು, ಒಳಗೆ ಇನ್ನೇನಿದೆಯೋ ಎಂಬ ಅನುಮಾನದ ಹೊರೆಯೂ ನನ್ನದು. ಮೂಲ ಹಿಡಿಗಳಿಲ್ಲ, ರಬ್ಬರಿನವು ಇವೆ. ಮೂಲದ ಹಿಡಿ ಬೇರೆಯಾಗಿ ಕೊಳ್ಳಲು 8 ಬೇಕು, ಅದನ್ನು ಪೂರ್ತಿ ಕಳೆಯಿರಿ. ಸವೆತ ಸಾಧಾರಣ, ಕಳೆಯುವುದೇನಿಲ್ಲ. ಉಳಿದದ್ದು 81. ಅದು ನ್ಯಾಯವಾದ ಬೆಲೆ. ನಾನು 74ರಿಂದ ಮಾತು ಶುರುಮಾಡಿ 81ರಲ್ಲಿ ನಿಲ್ಲುತ್ತೇನೆ.

ಅದೇ ರಿವಾಲ್ವರ್ ಮರುಲೇಪದ್ದಾಗಿದ್ದರೆ ಲೆಕ್ಕದ ದಾರಿಯೇ ಬೇರೆ, ಏಕೆಂದರೆ ಹೋದ ಮೂಲ ಲೇಪವನ್ನು ಹಣ ಕೊಟ್ಟು ಮರಳಿ ತರಲಾಗದು. ಸಂಗ್ರಾಹಕರ ವಸ್ತುವಾಗಿದ್ದರೆ ನಾನು ಅರ್ಧಕ್ಕೆ ಇಳಿಸುತ್ತೇನೆ. 10ನೇ ಮಾದರಿಯಂತೆ ಹೇರಳವಾಗಿ ಸಿಗುವ, ಬಳಸುವ ರಿವಾಲ್ವರ್ ಆಗಿದ್ದು ಕೆಲಸ ಶುದ್ಧವಾಗಿದ್ದರೆ ಕಾಲು ಭಾಗ ಇಳಿಸಿದರೆ ಸಾಕು. ಇದು ನನ್ನ ಅನುಭವದ ಅಳತೆ. ನಿಮ್ಮ ಸುತ್ತಲಿನ ಮಾರಾಟಗಳನ್ನು ನೋಡಿ ತಿದ್ದಿಕೊಳ್ಳಿ.

ತಾಳ ತಪ್ಪಿದ ಹಳೆಯ ಕೋಲ್ಟ್, ಉಬ್ಬಿದ ನಳಿಗೆ, ಬಿರುಕುಬಿಟ್ಟ ಕೊಳವೆಮುಖ, ಒತ್ತಿದರೆ ಬೀಳುವ ಹ್ಯಾಮರ್: ಇವುಗಳಲ್ಲಿ ಯಾವುದಿದ್ದರೂ ಶೇಕಡಾವಾರು ಕಳೆಯುವ ಲೆಕ್ಕ ಬಿಡಿ. ಬಂದೂಕು ರಿಪೇರಿ ಮಾಡುವ ನುರಿತವರಿಂದ ಖರ್ಚು ಬರೆಸಿಕೊಂಡು ಬಂದ ಮೇಲೆ ಮಾತನಾಡಿ.

ಮಾತುಕತೆ

ಕಂಡ ದೋಷಗಳನ್ನು ಮಾರುವವರ ಮುಂದೆ ಹೀಯಾಳಿಸಿ ಹೇಳಬೇಡಿ. ಗೇಜಿನ ಎಲೆಯನ್ನು ಸಂದಿನಲ್ಲಿ ತೂರಿಸಿ ಅವರಿಗೇ ತೋರಿಸಿ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ. ತೀರಿಹೋದ ಹಿರಿಯರದ್ದನ್ನು ಮಾರುವ ಮನೆಯವರಿಗಂತೂ ಗೊತ್ತಿರುವ ಸಾಧ್ಯತೆ ಇನ್ನೂ ಕಡಿಮೆ. ಅಂಥವರ ಬಳಿ ಅಪರೂಪದ್ದೊಂದು ಕಡಿಮೆ ಬೆಲೆಗೆ ಕಂಡರೆ ಅದರ ನಿಜವಾದ ಮೌಲ್ಯವನ್ನು ಹೇಳಿಬಿಡಿ. ನ್ಯಾಯವಾದ ಬೆಲೆ ಎಂಬುದು ಇಬ್ಬರಿಗೂ ಸೇರಿದ್ದು. ನಾನು ಹಾಗೆ ಹೇಳಿದ ಒಂದು ಮನೆಯವರು ಬೆಲೆ ಏರಿಸಿದರು, ನಾನು ಅದನ್ನು ಕೊಟ್ಟೆ. ವರ್ಷದ ನಂತರ ಅದೇ ಮನೆಯವರು ಎರಡನೆಯದನ್ನು ಮಾರುವಾಗ ಮೊದಲು ನನಗೇ ತಿಳಿಸಿದರು.

ಒಪ್ಪಂದವಾದ ಮೇಲೆ ಪರೀಕ್ಷೆಗೆ ಕೆಲವು ದಿನಗಳ ಅವಕಾಶ ಕೇಳಿ, ಯಾವ ದೋಷ ಕಂಡರೆ ಮರಳಿಸಬಹುದು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಕ್ರಮಸಂಖ್ಯೆಯನ್ನು ರಿವಾಲ್ವರಿನ ಮೇಲಿಂದ ನೋಡಿ ನಿಮ್ಮ ಕೈಯಿಂದಲೇ ಕಾಗದಕ್ಕೆ ಇಳಿಸಿ, ಇಬ್ಬರೂ ಒಂದೊಂದು ಅಂಕಿಯನ್ನು ಗಟ್ಟಿಯಾಗಿ ಓದಿ ತಾಳೆ ನೋಡಿ, ಆಮೇಲೆ ಸಹಿ ಹಾಕಿ.